ಜರ್ಮನಿಯ ಸ್ಟೂಡೆಂಟ್ ವೀಸಾಗೆ ಏಜೆಂಟ್ ಇಲ್ಲದೆ ನಾವೇ ಅರ್ಜಿ ಹಾಕಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೆಕ್ಯಾನಿಕಲ್ ಬಿಇ ಮುಗಿಸಿದ್ದೀರಿ. ಪೀಣ್ಯದಲ್ಲಿ ಎರಡು ವರ್ಷ ಕೆಲಸ ಮಾಡಿದ್ದೀರಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ. ವೀಸಾ ಮಾಡಿಸಿಕೊಡಲು ಏಜೆಂಟ್ 80 ಸಾವಿರ ಕೇಳುತ್ತಿದ್ದಾನೆ, ಕೊಡಬೇಕಾ ಅಂತ ಕೇಳಿದ್ದೀರಿ.

ಬೇಡ. ಸೀಟು ಸಿಗುವುದೇ ಕಷ್ಟದ ಭಾಗ, ಅದನ್ನು ನೀವೇ ಮುಗಿಸಿದ್ದೀರಿ. ಇನ್ನು ಉಳಿದಿರುವುದು ಕಾಗದ ಪತ್ರ ಜೋಡಿಸುವ ಕೆಲಸ. ನಾನು 2023ರಲ್ಲಿ ದಾವಣಗೆರೆಯಿಂದ ಹೋದವನು. ಅರ್ಧ ದಾರಿ ಏಜೆಂಟನನ್ನು ನಂಬಿ ಕೆಟ್ಟೆ, ಉಳಿದರ್ಧ ನಾನೇ ಓಡಾಡಿ ಮುಗಿಸಿದೆ.

ಯಾಕೆ ಬಿಟ್ಟೆ ಅಂತ ಹೇಳುತ್ತೇನೆ. ವೀಸಾಗೆ ಮೋಟಿವೇಶನ್ ಲೆಟರ್ ಬೇಕು. ಏನು ಓದುತ್ತೀರಿ, ಅಲ್ಲೇ ಯಾಕೆ ಓದಬೇಕು, ಮುಗಿದ ಮೇಲೆ ಏನು ಮಾಡುತ್ತೀರಿ ಅನ್ನುವುದನ್ನು ಅದರಲ್ಲಿ ಬರೆಯಬೇಕು. ಏಜೆಂಟ್ ಆಫೀಸಿನಿಂದ ನನ್ನ ಲೆಟರ್ ಬಂತು. 'ಬಾಲ್ಯದಿಂದಲೂ ನನಗೆ ಕಾರುಗಳೆಂದರೆ ಪ್ರಾಣ' ಅಂತ ಶುರುವಾಗಿತ್ತು. ನಾನು ಸಿವಿಲ್! ಎರಡನೇ ಪ್ಯಾರಾದಲ್ಲಿ ನಮ್ಮಪ್ಪ ಬಿಸಿನೆಸ್‌ಮ್ಯಾನ್ ಆಗಿದ್ದರು. ಅಪ್ಪ ಕೆಎಸ್‌ಆರ್‌ಟಿಸಿ ಕಂಡಕ್ಟರ್. ಅವರ ಸ್ಯಾಲರಿ ಸ್ಲಿಪ್ ಅದೇ ಫೈಲಿನಲ್ಲಿ ಇತ್ತು. ಇನ್ಯಾರದ್ದೋ ಲೆಟರಿನಲ್ಲಿ ಹೆಸರು ಬದಲಿಸಿ ಕಳಿಸಿದ್ದರು ಅಷ್ಟೇ. ಅವತ್ತೇ ಫೈಲ್ ವಾಪಸ್ ತಂದೆ. ಕೊಟ್ಟ ಅಡ್ವಾನ್ಸ್ ಬರಲಿಲ್ಲ.

ಹಾಗಾಗಿ ಲೆಟರ್ ನೀವೇ ಬರೆಯಿರಿ. ಒಂದೂವರೆ ಪುಟ ಸಾಕು, ಇಂಗ್ಲಿಷ್ ಸಾಧಾರಣ ಇದ್ದರೂ ಪರವಾಗಿಲ್ಲ. ಪೀಣ್ಯದಲ್ಲಿ ಯಾವ ಮಷೀನ್ ಮೇಲೆ ಕೆಲಸ ಮಾಡಿದಿರಿ, ಅಲ್ಲಿ ಗೊತ್ತಾಗದೆ ಉಳಿದದ್ದು ಏನು, ಅದು ನಿಮ್ಮ ಕೋರ್ಸಿನ ಯಾವ ಪಾಠದಲ್ಲಿ ಸಿಗುತ್ತದೆ, ಅದನ್ನು ಬರೆಯಿರಿ. ಪಾರ್ಟ್‌ಟೈಮ್ ಮಾಡಿ ಖರ್ಚು ತೂಗಿಸುತ್ತೇನೆ ಅಂತ ಮಾತ್ರ ಬರೆಯಬೇಡಿ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, ನಿಜ. ಆದರೆ ದುಡ್ಡಿಲ್ಲದೆ ಹೊರಟಿದ್ದಾನೆ ಅನ್ನುವ ಅನುಮಾನ ನೀವಾಗಿಯೇ ಯಾಕೆ ಹುಟ್ಟಿಸಬೇಕು?

ಎಪಿಎಸ್ ಸರ್ಟಿಫಿಕೇಟ್ ಬಗ್ಗೆ ನೀವು ಏನೂ ಬರೆದಿಲ್ಲ. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ. ಪಿಎಚ್‌ಡಿಗೆ ಹೋಗುವವರು, ಕೆಲವು ಸ್ಕಾಲರ್‌ಶಿಪ್‌ನವರು ಇಂಥವರಿಗೆ ಮಾತ್ರ ವಿನಾಯಿತಿ. ನಿಮ್ಮ ಮಾರ್ಕ್ಸ್ ಕಾರ್ಡ್‌ಗಳು ಅಸಲಿಯೇ ಅಂತ ಪರಿಶೀಲಿಸಿ ಕೊಡುವ ಪತ್ರ ಅದು. ಆಫೀಸು ದೆಹಲಿಯಲ್ಲಿದೆ, ಫೀಸು 18,000 ರೂಪಾಯಿ. ಬಹಳ ವಿಶ್ವವಿದ್ಯಾಲಯಗಳು ಅಡ್ಮಿಷನ್ ಹೊತ್ತಿಗೇ ಇದನ್ನು ಕೇಳುತ್ತವೆ, ಹಾಗಾಗಿ ನಿಮ್ಮದು ಆಗಿರಬಹುದು. ಆಗಿಲ್ಲದಿದ್ದರೆ ಬೇರೆಲ್ಲ ಬಿಟ್ಟು ಇವತ್ತೇ ಹಾಕಿ. ನನಗೆ ಎರಡೂವರೆ ತಿಂಗಳು ಹಿಡಿಯಿತು.

ಈಗ ದುಡ್ಡಿನ ವಿಷಯ. ನಿಮ್ಮ ಅಪ್ಪ '12 ಲಕ್ಷ ಫೀಸು ಕಟ್ಟಬೇಕಂತೆ' ಅಂತ ಹೆದರಿದ್ದಾರೆ ಅಂದಿರಿ. ಅದು ಫೀಸಲ್ಲ, ನಿಮ್ಮದೇ ದುಡ್ಡು. ಒಂದು ವರ್ಷದ ಊಟ, ಬಾಡಿಗೆಗೆ ಸಾಕಾಗುವಷ್ಟು ಮೊತ್ತವನ್ನು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಹಾಕಿಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೊ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊ ನಿಮ್ಮ ಕೈಗೆ ಬರುತ್ತದೆ. ವೀಸಾ ಸಿಗದೇ ಹೋದರೆ ದುಡ್ಡು ವಾಪಸ್ ಬರುತ್ತದೆ, ಅಕೌಂಟಿನ ಚಾರ್ಜು ಒಂದಿಷ್ಟು ಮುರಿದುಕೊಳ್ಳಬಹುದು. ಅಪ್ಪನಿಗೆ ಹೀಗೆ ಬಿಡಿಸಿ ಹೇಳಿ, ಅರ್ಧ ಚಿಂತೆ ಕಡಿಮೆಯಾಗುತ್ತದೆ.

ಇಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡೆ. ನನ್ನ ಕಾಲಕ್ಕೆ 11,208 ಯೂರೊ ಇತ್ತು. ಲೆಕ್ಕ ಹಾಕಿ ಸರಿಯಾಗಿ ಅಷ್ಟೇ ಕಳಿಸಿದೆ. ನಡುವಿನ ಬ್ಯಾಂಕು ತನ್ನ ಚಾರ್ಜ್ ಮುರಿದುಕೊಂಡು, ಅಲ್ಲಿಗೆ ತಲುಪುವಾಗ ಹತ್ತಿಪ್ಪತ್ತು ಯೂರೊ ಕಡಿಮೆ. ಅಷ್ಟಕ್ಕೇ ಕನ್ಫರ್ಮೇಶನ್ ಪತ್ರ ಕೊಡಲಿಲ್ಲ. ಆ ಇಪ್ಪತ್ತು ಯೂರೊ ಕಳಿಸಲು ಮತ್ತೆ ಬ್ಯಾಂಕಿಗೆ ಹೋಗಿ, ಮತ್ತೆ ಫಾರ್ಮ್ ತುಂಬಿ, ಮತ್ತೆ ಚಾರ್ಜ್ ಕಟ್ಟಿದೆ. ನೀವು ಐವತ್ತು ನೂರು ಯೂರೊ ಜಾಸ್ತಿಯೇ ಕಳಿಸಿ. ನಮ್ಮ ಊರುಗಳ ಸಣ್ಣ ಬ್ರಾಂಚಿನವರಿಗೆ ವಿದೇಶಕ್ಕೆ ಹಣ ಕಳಿಸಿ ಅಭ್ಯಾಸ ಇರುವುದಿಲ್ಲ. 'ಎ2 ಫಾರ್ಮ್' ಅಂತ ನೀವೇ ಹೆಸರು ಹಿಡಿದು ಕೇಳಿ. ವಿದೇಶಿ ವಿನಿಮಯ ನೋಡುವ ದೊಡ್ಡ ಬ್ರಾಂಚಿಗೇ ಹೋದರೆ ಇನ್ನೂ ವಾಸಿ.

ಸಾಲ ಮಾಡುವುದಾದರೆ, ಬ್ಯಾಂಕಿನ ಸ್ಯಾಂಕ್ಷನ್ ಲೆಟರ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಆ ದುಡ್ಡು ಬ್ಲಾಕ್ಡ್ ಅಕೌಂಟಿಗೆ ಹೋಗಿ ಬೀಳಬೇಕು. ಹಾಗೆ ಬಿಡುಗಡೆ ಮಾಡುತ್ತೀರಾ ಅಂತ ಮೊದಲೇ ಕೇಳಿಕೊಳ್ಳಿ. ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡಮಾನ ಕೇಳುತ್ತವೆ. ನಿಮ್ಮ ಅಡಿಕೆ ತೋಟ ಎಷ್ಟೇ ಬೆಲೆ ಬಾಳಲಿ, ಕೃಷಿ ಭೂಮಿಯನ್ನು ಇದಕ್ಕೆ ಒಪ್ಪುವ ಬ್ಯಾಂಕು ಅಪರೂಪ. ಮನೆಯೋ ಸೈಟೋ ಇದ್ದರೆ ಅದರ ಇ-ಸ್ವತ್ತು, ಇಸಿ ಈಗಲೇ ತೆಗೆಸಿಡಿ. ಪಂಚಾಯ್ತಿ ಆಫೀಸಿಗೆ ಎಷ್ಟು ಸಲ ಅಲೆಯಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ ಅಲ್ವಾ.

ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು ಹೆಸರು. ನಮ್ಮ ಕಡೆಯವರಿಗೆ ಸರ್‌ನೇಮ್ ಎಲ್ಲಿರುತ್ತದೆ? ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್, ಡಿಗ್ರಿಯಲ್ಲಿ ಅವೇ ಎರಡು ಮುಂದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದರು. ಬಿಡಿಸಿದೆ. ಒಂದು ಅಪ್ಪನ ಹೆಸರು, ಇನ್ನೊಂದು ಊರು. ಊರೇ ಸರ್‌ನೇಮ್ ಆಯಿತು. ಇವತ್ತಿಗೂ ಇಲ್ಲಿನ ಆಫೀಸುಗಳಲ್ಲಿ ನಾನು 'ಹೆರ್ ಆನಗೋಡು', ಅಂದರೆ ಶ್ರೀಮಾನ್ ಆನಗೋಡು. ಬಾಡಿಗೆ ಮನೆಯ ಲೆಟರ್ ಬಾಕ್ಸಿನ ಮೇಲೂ ನಮ್ಮೂರಿನ ಹೆಸರೇ ಇದೆ. ಅಮ್ಮನಿಗೆ ಫೋಟೋ ಕಳಿಸಿದ್ದೆ, ಊರೆಲ್ಲ ತೋರಿಸಿಕೊಂಡು ಬಂದರು.

ತಮಾಷೆ ಇರಲಿ, ನೀವು ಎಲ್ಲ ಕಾಗದಗಳನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಎಪಿಎಸ್, ಅಡ್ಮಿಷನ್ ಲೆಟರ್, ಬ್ಲಾಕ್ಡ್ ಅಕೌಂಟ್, ಇನ್ಶೂರೆನ್ಸ್ ಎಲ್ಲದರಲ್ಲೂ ಇರಬೇಕು. ಹಳೆಯ ಮಾರ್ಕ್ಸ್ ಕಾರ್ಡ್ ತಿದ್ದಿಸಲು ಹೋಗಬೇಡಿ, ವರ್ಷ ಹೋಗುತ್ತದೆ. ಈ ಎರಡೂ ಹೆಸರು ಒಬ್ಬನದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಜೊತೆಗಿಡಿ. ನನ್ನ ಕೆಲಸ ಅದರಲ್ಲೇ ಆಯಿತು.

ಅರ್ಜಿ ಹಾಕುವುದು ಈಗ ಸುಲಭ. 2025ರಿಂದ ಜರ್ಮನ್ ವಿದೇಶಾಂಗ ಇಲಾಖೆಯ ಕಾನ್ಸುಲರ್ ಪೋರ್ಟಲ್‌ನಲ್ಲೇ ಫಾರ್ಮ್ ತುಂಬಿ ಕಾಗದಗಳನ್ನು ಅಪ್‌ಲೋಡ್ ಮಾಡಬಹುದು. ನೋಡಿ, ಏನಾದರೂ ಕಮ್ಮಿ ಇದ್ದರೆ ಅವರೇ ತಿಳಿಸುತ್ತಾರೆ. ಆಮೇಲೆ ವಿಎಫ್‌ಎಸ್‌ನಲ್ಲಿ, ಅಂದರೆ ಕಾನ್ಸುಲೇಟಿನ ಪರವಾಗಿ ವೀಸಾ ಅರ್ಜಿ ತೆಗೆದುಕೊಳ್ಳುವ ಖಾಸಗಿ ಕಂಪನಿಯ ಸೆಂಟರಿನಲ್ಲಿ, ಬೆರಳಚ್ಚಿಗೆ ಹೋಗಬೇಕು. ಕರ್ನಾಟಕ, ಕೇರಳ ಎರಡಕ್ಕೂ ಬೆಂಗಳೂರಿನ ಕಾನ್ಸುಲೇಟೇ. ಮೇಯಿಂದ ಆಗಸ್ಟ್‌ವರೆಗೆ ಜನ ಮುಗಿಬೀಳುತ್ತಾರೆ, ಅದಕ್ಕಿಂತ ಮೊದಲೇ ಹಾಕಿದಷ್ಟೂ ಒಳ್ಳೆಯದು. ವೀಸಾ ಫೀಸು 75 ಯೂರೊ, ರೂಪಾಯಿಯಲ್ಲೇ ಕಟ್ಟುವುದು. ವಿಎಫ್‌ಎಸ್ ಚಾರ್ಜು ಬೇರೆ. ಏಜೆಂಟ್ ಕೇಳಿದ 80 ಸಾವಿರದ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ರಿಜೆಕ್ಟ್ ಆದರೆ ಏನು ಗತಿ ಅಂತಲೂ ಕೇಳಿದ್ದೀರಿ. ಮೊದಲೆಲ್ಲ ಕಾನ್ಸುಲೇಟಿಗೇ ಮರುಪರಿಶೀಲನೆಗೆ ಬರೆಯಬಹುದಿತ್ತು. 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗಿರುವುದು ಎರಡೇ ದಾರಿ: ತಪ್ಪು ಸರಿಮಾಡಿ ಹೊಸದಾಗಿ ಅರ್ಜಿ ಹಾಕುವುದು, ಇಲ್ಲವೇ ಬರ್ಲಿನ್‌ನ ಕೋರ್ಟಿಗೆ ಹೋಗುವುದು. ನಮ್ಮಂಥವರಿಗೆ ಮೊದಲನೆಯದೇ. ಅದಕ್ಕೇ ಹೆಸರು, ದುಡ್ಡು, ಲೆಟರ್ ಬಗ್ಗೆ ಇಷ್ಟು ಕೊರೆದದ್ದು. ಪೀಣ್ಯದ ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್, ಸ್ಯಾಲರಿ ಸ್ಲಿಪ್‌ಗಳನ್ನೂ ಸೇರಿಸಿ. ಡಿಗ್ರಿ ಮುಗಿಸಿ ಸುಮ್ನೆ ಕೂತಿರಲಿಲ್ಲ ಅಂತ ಗೊತ್ತಾಗಬೇಕು.

ಪಾಸ್‌ಪೋರ್ಟ್ ವಾಪಸ್ ಬಂದ ದಿನ ಫೋಟೋ ತೆಗೆದು ಸ್ಟೇಟಸ್ ಹಾಕುವ ಮೊದಲು ಸ್ಟಿಕರ್ ಓದಿ. ಹೆಸರು, ಪಾಸ್‌ಪೋರ್ಟ್ ನಂಬರ್, ಶುರುವಾಗುವ ದಿನಾಂಕ, ಮುಗಿಯುವ ದಿನಾಂಕ. ತಪ್ಪಿದ್ದರೆ ಆಗಲೇ ತಿಳಿಸಿ. ವೀಸಾ ಪೂರ್ತಿ ಎರಡು ವರ್ಷಕ್ಕೆ ಸಿಗುವುದಿಲ್ಲ, ಗಾಬರಿಯಾಗಬೇಡಿ. ಅದು ಮುಗಿಯುವುದರೊಳಗೆ ಅಲ್ಲಿಯ ವಿದೇಶಿಯರ ಕಚೇರಿಯಲ್ಲಿ ರೆಸಿಡೆನ್ಸ್ ಪರ್ಮಿಟ್ ಮಾಡಿಸಿಕೊಳ್ಳಬೇಕು. ವಿಮಾನದ ಟಿಕೆಟ್ ಆ ಸ್ಟಿಕರ್ ಕೈಗೆ ಬಂದ ಮೇಲೇ ಬುಕ್ ಮಾಡಿ.