‘ಆಯ್ತು ಸರ್’ ಅಂದು ಬಂದೆ, ಏನು ಮಾಡಬೇಕೋ ತಿಳಿಯಲಿಲ್ಲ

ಪ್ರಶ್ನೆ: ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ನಮ್ಮ ಮ್ಯಾನೇಜರ್ ಒಳ್ಳೆಯವರೇ. ಆದರೆ ಕೆಲಸ ಹೇಳುವುದು ಒಂದೇ ಸಾಲಿನಲ್ಲಿ, ಅದೂ ಎಲ್ಲಿಗೋ ಹೊರಟ ಅವಸರದಲ್ಲಿ. ‘ಆಯ್ತು ಸರ್’ ಅಂದುಬಿಡುತ್ತೇನೆ. ಸೀಟಿಗೆ ಬಂದು ಕೂತರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ಮತ್ತೆ ಹೋಗಿ ಕೇಳಿದರೆ ದಡ್ಡಿ ಅಂದುಕೊಂಡಾರು ಅನ್ನುವ ಭಯ. ಮೊನ್ನೆ, ‘ಗ್ರಾಹಕರ ದೂರುಗಳನ್ನು ಸ್ವಲ್ಪ ನೋಡಿ, ಒಂದು ರಿಪೋರ್ಟ್ ಮಾಡಿ’ ಅಂದರು. ರಾತ್ರಿಯೆಲ್ಲ ಕೂತು 22 ಪುಟ ಮಾಡಿದೆ. ಎರಡು ಪುಟ ತಿರುವಿ, ‘ನಾನು ಕೇಳಿದ್ದು ಇದಲ್ಲವಲ್ಲಮ್ಮಾ’ ಅಂದರು. ಯಾವ ದೂರು ಜಾಸ್ತಿ ಬರುತ್ತಿದೆ ಅನ್ನುವುದಷ್ಟೇ ಅವರಿಗೆ ಬೇಕಿತ್ತಂತೆ. ಈಗ ಇನ್ನೊಂದು ಕೆಲಸ ಕೊಟ್ಟಿದ್ದಾರೆ. ಎರಡು ದಿನದಿಂದ ಫೈಲ್ ತೆರೆಯುವುದು, ಮುಚ್ಚುವುದು, ಇಷ್ಟೇ ಆಗಿದೆ. ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲವೇ?

ಉತ್ತರ: ರಾತ್ರಿಯೆಲ್ಲ ಕೂತು 22 ಪುಟ ಬರೆದವರು ಲಾಯಕ್ಕಿಲ್ಲದವರು ಹೇಗಾಗುತ್ತಾರೆ? ನಿಮ್ಮ ದುಡಿಮೆಯಲ್ಲಿ ಕೊರತೆಯಿಲ್ಲ. ಕೆಲಸ ಏನು ಅನ್ನುವುದು ತಿಳಿಯುವ ಮೊದಲೇ ದುಡಿಯಲು ಶುರು ಮಾಡಿದಿರಿ. ಎಡವಟ್ಟು ಆಗಿದ್ದು ಅಲ್ಲಿ.

ಆ ಮಾತನ್ನೇ ಇನ್ನೊಮ್ಮೆ ನೋಡಿ. ‘ಸ್ವಲ್ಪ ನೋಡಿ’ ಅಂದರೆ ಎಷ್ಟು? ಯಾವ ತಿಂಗಳ ದೂರುಗಳು? ರಿಪೋರ್ಟ್ ಓದುವವರು ಯಾರು? ಇದ್ಯಾವುದೂ ಆ ಮಾತಿನಲ್ಲಿ ಇಲ್ಲ. ಇಲ್ಲದ್ದು ನಿಮಗೆ ಅರ್ಥವಾಗಲಿಲ್ಲ, ಅಷ್ಟೇ. ನಿಮ್ಮ ಮ್ಯಾನೇಜರ್ ಬೇಕಂತ ಬಚ್ಚಿಟ್ಟಿರಲಾರರು. ಅವರ ತಲೆಯಲ್ಲಿ ಎಲ್ಲವೂ ಇದ್ದುದರಿಂದ, ಹೇಳಿದ್ದೇನೆ ಅಂತಲೇ ಅವರಿಗೆ ಅನ್ನಿಸಿರುತ್ತದೆ. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ಬಡಿಯಬೇಕು, ಇನ್ನೊಬ್ಬರು ಅದು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟನ್ನಾದರೂ ಕಂಡುಹಿಡಿಯುತ್ತಾರೆ ಅಂತ ಬಡಿದವರು ನಂಬಿದ್ದರು. 120 ಹಾಡುಗಳಲ್ಲಿ ಸರಿಯಾಗಿ ಹೇಳಲಾಗಿದ್ದು ಮೂರೇ ಮೂರು! ಬಡಿಯುವವರ ತಲೆಯಲ್ಲಿ ಪೂರ್ತಿ ಹಾಡು ಓಡುತ್ತಿರುತ್ತದೆ, ಕೇಳುವವರಿಗೆ ಬರೀ ಟಕ್ ಟಕ್. ನಿಮ್ಮಿಬ್ಬರ ನಡುವೆ ಆಗಿರುವುದೂ ಇದೇ.

ಹಾಗಾಗಿ ಕೇಳಬೇಕು. ಆದರೆ ‘ಸರ್, ಅರ್ಥ ಆಗಲಿಲ್ಲ’ ಅಂತ ಸುಮ್ನೆ ನಿಂತರೆ ಅವರು ಅದೇ ಸಾಲನ್ನು ಮತ್ತೆ ಹೇಳಿ ಹೊರಡುತ್ತಾರೆ. ನಿಮಗೆ ತಿಳಿದಷ್ಟನ್ನು ನೀವೇ ಹೇಳಿ, ಅವರು ತಿದ್ದಲಿ. ಮೊನ್ನೆಯ ಕೆಲಸಕ್ಕೆ ಹೀಗೆ ಕೇಳಬಹುದಿತ್ತು: ‘ಸರ್, ಹೋದ ಮೂರು ತಿಂಗಳ ದೂರು ತಗೊಳ್ತೀನಿ. ಯಾವ ಥರದ್ದು ಎಷ್ಟು ಬಂದಿದೆ ಅಂತ ಎಣಿಸಿ ಒಂದು ಪುಟ ಮಾಡ್ತೀನಿ. ಸಾಕಾ? ಇದನ್ನ ಯಾರು ನೋಡ್ತಾರೆ?’ ಅರ್ಧ ನಿಮಿಷದ ಮಾತು. ‘ಸಾಕು, ನಾಳೆ ಮೀಟಿಂಗಿಗೆ ಬೇಕು’ ಅಂತ ಉತ್ತರ ಬಂದಿದ್ದರೆ ಆ ರಾತ್ರಿ ಉಳಿಯುತ್ತಿತ್ತು, ಅಲ್ವಾ?

ಕೇಳುವ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ‘ಇದು ಯಾವುದಕ್ಕೆ ಬೇಕು?’ ಅನ್ನುವುದು. ಅದೊಂದು ಗೊತ್ತಾದರೆ ಎಷ್ಟು ಪುಟ, ಎಷ್ಟು ಆಳ ಅನ್ನುವುದನ್ನು ನೀವೇ ಊಹಿಸಬಹುದು. ಯಾವಾಗ ಬೇಕು ಅಂತಲೂ ಕೇಳಿ. ಕೈಯಲ್ಲಿ ಆಗಲೇ ಬೇರೆ ಕೆಲಸವಿದ್ದರೆ, ಯಾವುದನ್ನು ಮೊದಲು ಮುಗಿಸಲಿ ಅಂತ ಅವರನ್ನೇ ಕೇಳಿಬಿಡಿ. ಅದನ್ನು ತೀರ್ಮಾನಿಸುವ ಹೊಣೆ ಅವರದು. ಎದುರಿಗೆ ಕೇಳಲು ಬಾಯಿ ಬರದಿದ್ದರೆ, ಸೀಟಿಗೆ ಬಂದ ಕೂಡಲೇ ಮೂರು ಸಾಲಿನ ಮೆಸೇಜ್ ಹಾಕಿ.

ದಡ್ಡಿ ಅಂದುಕೊಂಡಾರು ಅನ್ನುವ ಭಯದ ಬಗ್ಗೆ ಒಂದು ಮಾತು. ರನ್‌ವೇ ಮೇಲೆ ಇಳಿಯಲು, ಅಲ್ಲಿಂದ ಮೇಲೇರಲು ಕಂಟ್ರೋಲ್ ಟವರ್ ಕೊಡುವ ಅನುಮತಿಯನ್ನು ಪೈಲಟ್ ಬಾಯಿಬಿಟ್ಟು ಮತ್ತೆ ಹೇಳಲೇಬೇಕು. ಅದು ನಿಯಮ. ಎಷ್ಟೇ ವರ್ಷ ವಿಮಾನ ಓಡಿಸಿದವರಿಗೂ ಇದರಿಂದ ವಿನಾಯಿತಿ ಇಲ್ಲ. ಯಾರೂ ಅವರನ್ನು ದಡ್ಡರು ಅನ್ನುವುದಿಲ್ಲ. ಮೊದಲ ದಿನ ಕೇಳಿದ ಪ್ರಶ್ನೆಯನ್ನು ಮ್ಯಾನೇಜರ್ ಸಂಜೆಯೊಳಗೆ ಮರೆಯುತ್ತಾರೆ. ನಾಲ್ಕನೇ ದಿನ ಬಂದ ತಪ್ಪು ರಿಪೋರ್ಟ್ ಅವರ ನೆನಪಿನಲ್ಲಿ ಉಳಿಯುತ್ತದೆ.

ಕೆಲವು ಸಲ ಏನು ಬೇಕು ಅನ್ನುವುದು ಹೇಳಿದವರಿಗೇ ಸ್ಪಷ್ಟ ಇರುವುದಿಲ್ಲ. ಆಗ ಎಷ್ಟು ಕೇಳಿದರೂ ಪ್ರಯೋಜನ ಕಡಿಮೆ. ಒಂದು ಹಾಳೆಯಲ್ಲಿ ತಲೆಬರಹಗಳನ್ನಷ್ಟೇ ಬರೆದು, ಒಂದು ಭಾಗ ಮಾತ್ರ ತುಂಬಿ ತೋರಿಸಿ. ಕಣ್ಣೆದುರು ಏನಾದರೂ ಇದ್ದರೆ ‘ಇದು ಬೇಡ, ಇದು ಇರಲಿ’ ಅನ್ನುವುದು ಯಾರಿಗಾದರೂ ಸುಲಭ. ಅಂದವಾಗಿ ಮುಗಿಸಿ ತೋರಿಸುವ ಆಸೆ ನಿಮಗೆ ಜಾಸ್ತಿ ಇದ್ದಂತಿದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಅವರು ಸಿಡುಕಿದರೆ, ಪ್ರತಿ ಸಲ ಮಾತು ಬದಲಿಸಿದರೆ, ಅದು ನಿಮ್ಮ ತಪ್ಪಲ್ಲ. ಆಗ ಹಳಬರೊಬ್ಬರ ಹತ್ತಿರ ಹೋಗಿ, ಇವರ ಜೊತೆ ಅವರು ಹೇಗೆ ನಿಭಾಯಿಸಿದರು ಅಂತ ಕೇಳಿ. ಆದರೆ ನಿಮ್ಮವರು ಒಳ್ಳೆಯವರು ಅಂತ ನೀವೇ ಬರೆದಿದ್ದೀರಿ. ಆ ಪರಿಸ್ಥಿತಿ ಬರಲಿಕ್ಕಿಲ್ಲ.

ಈಗ ಎರಡು ದಿನದಿಂದ ತೆರೆದು ಮುಚ್ಚುತ್ತಿರುವ ಆ ಫೈಲ್. ಅದನ್ನು ಪಕ್ಕಕ್ಕಿಡಿ. ಒಂದು ಚೀಟಿಯಲ್ಲಿ ಈ ಕೆಲಸದ ಬಗ್ಗೆ ನಿಮಗೆ ಗೊತ್ತಿರುವುದನ್ನು ಒಂದು ಕಡೆ, ಗೊತ್ತಿಲ್ಲದ್ದನ್ನು ಇನ್ನೊಂದು ಕಡೆ ಬರೆಯಿರಿ. ಗೊತ್ತಿಲ್ಲದ್ದರಲ್ಲಿ ಯಾವುದು ತಿಳಿಯದೆ ಒಂದು ಹೆಜ್ಜೆಯೂ ಇಡಲಾಗದೋ ಅದನ್ನು ಗುರುತು ಮಾಡಿ. ನಾಳೆ ಬೆಳಿಗ್ಗೆ ಅವರು ಬಂದು ಕೂತ ಕೂಡಲೇ, ‘ಸರ್, ಎರಡು ನಿಮಿಷ’ ಅಂತ ಆ ಚೀಟಿ ಹಿಡಿದು ಹೋಗಿ.