ಕನಿಕರ ತಗ್ಗಿಸಿ, ಪಂದ್ಯ ತೋರಿಸಿ

ಆತ್ಮೀಯರೇ,

ವೇಲ್ಸ್‌ನ ಕೌಂಟಿ (ಜಿಲ್ಲಾ) ತಂಡ ಗ್ಲಮೋರ್ಗನ್‌ನ ಮಾಜಿ ಆರಂಭಿಕ ಬ್ಯಾಟ್ಸ್‌ಮನ್ ಅಲನ್ ಜೋನ್ಸ್ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ವಿಷಯದ ಆಯ್ಕೆ ಮಾತ್ರ ಮೆಚ್ಚುವಂಥದ್ದು. ಒಂದೂ ಅಧಿಕೃತ ಟೆಸ್ಟ್ ಆಡದೆ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 36,049 ರನ್ ಗಳಿಸಿದವರ ಬಗ್ಗೆ ಬರೆಯುವವರು ನಮ್ಮಲ್ಲಿ ಅಪರೂಪ. ಆದ್ದರಿಂದಲೇ ಇಷ್ಟು ಉದ್ದದ ಉತ್ತರ.

1938ರಲ್ಲಿ ಸ್ವಾನ್ಸೀ ಬಳಿ ಜನನ, 1957ರಲ್ಲಿ ಪದಾರ್ಪಣೆ, 56 ಶತಕ, ಔಟಾಗದೆ 204 ಗರಿಷ್ಠ ಮೊತ್ತ: ನಿಮ್ಮ ಮೊದಲ ಭಾಗ ಪಂಚಾಂಗ ಓದಿದಂತಿದೆ. ಅದರೊಳಗೆ ಹೂತುಹೋದ ಒಂದು ಸಂಗತಿಯನ್ನು ಮೇಲೆತ್ತಿ. 1961ರಿಂದ 1983ರವರೆಗೆ ಸತತ 23 ಋತುಗಳಲ್ಲಿ ಅವರು ಸಾವಿರ ರನ್ ದಾಟಿದರು. ಕೌಂಟಿ ಆಟಗಾರನಿಗೆ ಕ್ರಿಕೆಟ್ ಎಂದರೆ ಸಂಬಳದ ಕೆಲಸ. ಏಪ್ರಿಲ್‌ನ ಚಳಿಯಲ್ಲಿ ಶುರುವಾಗಿ ಸೆಪ್ಟೆಂಬರ್‌ವರೆಗೆ ಆಗ ಮೂರು ದಿನಗಳ ಪಂದ್ಯಗಳು, ಒಂದು ಮುಗಿದೊಡನೆ ಮುಂದಿನ ಊರಿಗೆ ಪ್ರಯಾಣ. ರಣಜಿ ಬಲ್ಲ ಓದುಗರಿಗೂ ಇದನ್ನು ಬಿಡಿಸಿ ಹೇಳಬೇಕು. ಅವರ ಸರಾಸರಿ 32.89 ಎಂಬುದನ್ನು ನೀವು ಎಲ್ಲಿಯೂ ಬರೆದಿಲ್ಲ. ಮುಚ್ಚಿಟ್ಟಿರೋ, ಮರೆತಿರೋ? ಬರೆಯಿರಿ. ಪಿಚ್‌ಗಳಿಗೆ ಪೂರ್ತಿ ಹೊದಿಕೆಯಿಲ್ಲದ, ಮಳೆಯಲ್ಲಿ ನೆನೆದ ನೆಲದ ಮೇಲೆಯೇ ಆಡಬೇಕಿದ್ದ ಕಾಲ ಅದು ಎಂಬುದನ್ನೂ ಜೊತೆಗೇ ಬರೆಯಿರಿ.

'ದುರದೃಷ್ಟ', 'ಅನ್ಯಾಯ' ಎಂಬ ಪದಗಳು ಪುಟಪುಟದಲ್ಲಿವೆ. ಬಾಯ್ಕಾಟ್, ಎಡ್ರಿಚ್ ಅಂಥವರು ಇಂಗ್ಲೆಂಡ್ ತಂಡದ ಆರಂಭಿಕ ಸ್ಥಾನಕ್ಕೆ ಪೈಪೋಟಿ ನಡೆಸುತ್ತಿದ್ದಾಗ ಹೊರಗುಳಿದದ್ದೆಲ್ಲ ಅನ್ಯಾಯವಾಗುವುದಿಲ್ಲ. ಇನ್ನು, ಅವರನ್ನು 'ಇಂಗ್ಲಿಷ್ ವೀರ' ಎಂದು ಕರೆಯಬೇಡಿ, ಅವರು ವೇಲ್ಸ್‌ನವರು. ಗ್ಲಮೋರ್ಗನ್ ಕೌಂಟಿ ಚಾಂಪಿಯನ್‌ಷಿಪ್ ಆಡುವ ಏಕೈಕ ವೆಲ್ಷ್ ತಂಡ. 1969ರಲ್ಲಿ ಒಂದೂ ಪಂದ್ಯ ಸೋಲದೆ ಅದು ಪ್ರಶಸ್ತಿ ಗೆದ್ದಾಗ ಜೋನ್ಸ್ ಆ ತಂಡದಲ್ಲಿದ್ದರು. ಇದಕ್ಕೆ ನೀವು ಒಂದೇ ಸಾಲು ಕೊಟ್ಟಿದ್ದೀರಿ!

ನಿಮ್ಮ ಲೇಖನದ ಜೀವ ಇರುವುದು 1970ರ ಜೂನ್‌ನಲ್ಲಿ, ಲಾರ್ಡ್ಸ್‌ನಲ್ಲಿ. ಅಲ್ಲಿಂದಲೇ ಶುರು ಮಾಡಿ. ವರ್ಣಭೇದ ನೀತಿಯ ವಿರುದ್ಧದ ಹೋರಾಟದಿಂದ ದಕ್ಷಿಣ ಆಫ್ರಿಕಾದ ಪ್ರವಾಸ ರದ್ದಾಯಿತು. ಬದಲಿಗೆ ವೆಸ್ಟ್ ಇಂಡೀಸ್‌ನ ಸೋಬರ್ಸ್ ನಾಯಕತ್ವದಲ್ಲಿ ಬೇರೆ ಬೇರೆ ದೇಶಗಳ ಆಟಗಾರರ 'ರೆಸ್ಟ್ ಆಫ್ ದ ವರ್ಲ್ಡ್' ತಂಡ ಆಡಿತು. ಜೋನ್ಸ್‌ಗೆ ಇಂಗ್ಲೆಂಡ್ ಕ್ಯಾಪ್, ಅಂದರೆ ದೇಶದ ತಂಡದ ಟೋಪಿ, ಸಿಕ್ಕಿತು. ಇಂಗ್ಲೆಂಡ್ 127ಕ್ಕೆ ಕುಸಿಯಿತು, ಸೋಬರ್ಸ್ 21 ರನ್‌ಗೆ 6 ವಿಕೆಟ್ ಪಡೆದು ಬಳಿಕ 183 ಹೊಡೆದರು. ಜೋನ್ಸ್ ಗಳಿಸಿದ್ದು 5 ಮತ್ತು 0. ಎರಡೂ ಬಾರಿ ಔಟ್ ಮಾಡಿದವರು ಮೈಕ್ ಪ್ರಾಕ್ಟರ್, ದಕ್ಷಿಣ ಆಫ್ರಿಕಾದವರು! ಆ ದೇಶವನ್ನು ಹೊರಗಿಟ್ಟದ್ದರಿಂದ ಹುಟ್ಟಿದ ಪಂದ್ಯದಲ್ಲಿ ಆ ದೇಶದವರೇ ಅವರ ದಾರಿ ಮುಚ್ಚಿದರು. ಈ ವ್ಯಂಗ್ಯ ನಿಮ್ಮ ಕಣ್ಣಿಗೆ ಬೀಳದಿರುವುದು ನನಗೆ ಸೋಜಿಗ. ಅದೇ ಪಂದ್ಯದಲ್ಲಿ ಹೊಸಬರಾಗಿ ಬಂದ ಬ್ರಯನ್ ಲಕ್‌ಹರ್ಸ್ಟ್ ಸ್ಥಾನ ಉಳಿಸಿಕೊಂಡು ಆಸ್ಟ್ರೇಲಿಯಾದ ಆ್ಯಷಸ್ ಪ್ರವಾಸಕ್ಕೆ ಹೋದರು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಓದುಗರೇ ನೊಂದುಕೊಳ್ಳುತ್ತಾರೆ, ನೀವು ಕಣ್ಣೀರು ಹಾಕಬೇಕಿಲ್ಲ.

ಆ ಸರಣಿಗೆ ಟೆಸ್ಟ್ ಮಾನ್ಯತೆ ಇಲ್ಲವೆಂದು ಆಮೇಲೆ ತೀರ್ಮಾನವಾಯಿತು. 2020ರಲ್ಲಿ, ಐವತ್ತು ವರ್ಷಗಳ ನಂತರ, ಇಂಗ್ಲೆಂಡ್ ಮತ್ತು ವೇಲ್ಸ್ ಕ್ರಿಕೆಟ್ ಮಂಡಳಿ ಜೋನ್ಸ್‌ಗೆ 696ನೇ ಕ್ಯಾಪ್ ಸಂಖ್ಯೆ, ಅಂದರೆ ಇಂಗ್ಲೆಂಡ್ ಆಟಗಾರರ ಪಟ್ಟಿಯಲ್ಲಿ ಕ್ರಮಸಂಖ್ಯೆ, ನೀಡಿತು. 'ಕೊನೆಗೂ ನ್ಯಾಯ ಸಿಕ್ಕಿತು' ಎಂದು ನೀವು ಮುಗಿಸಿದ್ದೀರಿ. ಅವಸರ ಬೇಡ. ಪಂದ್ಯ ಇಂದಿಗೂ ಅನಧಿಕೃತವೇ. ಕ್ಯಾಪ್ ಸಂಖ್ಯೆ ಇದ್ದರೂ, ಟೆಸ್ಟ್ ಆಡದವರಲ್ಲಿ ಅತಿ ಹೆಚ್ಚು ರನ್ ಎಂಬ ದಾಖಲೆ ಅವರ ಹೆಸರಿನಲ್ಲೇ ಇದೆ. ಅವರಿಗೆ ಸಿಕ್ಕಿದ್ದು ನ್ಯಾಯವೋ, ಗೌರವವೋ ಎಂಬುದನ್ನು ಕೆದಕಿ ನೋಡಿ.

ಅರ್ಧಕ್ಕೆ ಇಳಿಸಿ ಮತ್ತೆ ಕಳುಹಿಸಿ. ವಿಶ್ವನಾಥ್ ಜೊತೆಗಿನ ಹೋಲಿಕೆಯನ್ನು ಪೂರ್ತಿ ಕಿತ್ತುಹಾಕಿ. ಜೋನ್ಸ್ ಅವರ ತಮ್ಮ ಏಫಿಯನ್ ಗ್ಲಮೋರ್ಗನ್ ತಂಡದಲ್ಲೇ ವಿಕೆಟ್ ಕೀಪರ್ ಆಗಿದ್ದ ಸಂಗತಿ ಮಾತ್ರ ಇರಲಿ. ಅದನ್ನು ಬೆಳೆಸಿದರೂ ಅಡ್ಡಿಯಿಲ್ಲ.

ಇತಿ,
ಸಂಪಾದಕ