ಹಳೆ ಫಾರ್ಚುನರ್: ದುಡ್ಡು ಕೊಡುವ ಮುಂಚೆ ಚೇಂಬರ್ ಬಿಚ್ಚಿಸಿ ನೋಡಿ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಹಾಸನದ ಹತ್ತಿರದ ಹಳ್ಳಿ. ಮನೆಯಲ್ಲಿ ಏಳು ಜನ ಇದ್ದೇವೆ. 2012ರ ಟೊಯೋಟಾ ಫಾರ್ಚುನರ್ ಒಂದನ್ನು ನೋಡಿಕೊಂಡು ಬಂದಿದ್ದೇವೆ. 3 ಲೀಟರ್ ಡೀಸೆಲ್, ಮ್ಯಾನ್ಯುಯಲ್ ಗೇರ್, 4x4. ಮೀಟರಿನಲ್ಲಿ 1.85 ಲಕ್ಷ ಕಿ.ಮೀ. ಇದೆ. 11 ಲಕ್ಷ ಹೇಳುತ್ತಿದ್ದಾರೆ. 'ಈ ಇಂಜಿನ್ ಐದು ಲಕ್ಷ ಕಿ.ಮೀ. ಆಗೋವರೆಗೂ ಕೈ ಹಾಕೋ ಹಾಗಿಲ್ಲ' ಅಂತ ಎಲ್ಲರೂ ಹೇಳುತ್ತಾರೆ. ತಗೊಂಡರೆ ಮುಂದೆ ಏನೇನು ಖರ್ಚು ಬರಬಹುದು?

ಉತ್ತರ: ನಮಸ್ಕಾರ. ಗಾಡಿ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. 2009ರಲ್ಲಿ ಬಂದ ಈ ಮೊದಲ ಫಾರ್ಚುನರ್ ನಮ್ಮ ಬಿಡದಿಯಲ್ಲೇ ತಯಾರಾಗಿದ್ದು. ಅದರ 2982 ಸಿಸಿ ಇಂಜಿನ್ನಿಗೆ 1ಕೆಡಿ ಅಂತ ಹೆಸರು. ಹಳೆ ಇನ್ನೋವಾದ ಎರಡೂವರೆ ಲೀಟರ್ 2ಕೆಡಿ ಇದರದೇ ತಮ್ಮ. ಹಾಗಾಗಿ ತಾಲ್ಲೂಕು ಮಟ್ಟದ ಮೆಕ್ಯಾನಿಕ್‌ಗೂ ಇದರ ಒಳಹೊರಗು ಗೊತ್ತಿರುತ್ತದೆ. ಹಳೆ ಗಾಡಿ ತಗೊಳ್ಳುವವರಿಗೆ ಇದು ದೊಡ್ಡ ಅನುಕೂಲ.

ಆದರೆ 'ಐದು ಲಕ್ಷ ಕಿ.ಮೀ.ವರೆಗೆ ಕೈ ಹಾಕೋ ಹಾಗಿಲ್ಲ' ಅನ್ನುವ ಮಾತು ಅರ್ಧ ನಿಜ. ಐದು ಲಕ್ಷ ಓಡಿದ 1ಕೆಡಿ ಇಂಜಿನ್‌ಗಳನ್ನು ನಾನು ನೋಡಿದ್ದೇನೆ. ಅವೆಲ್ಲ ಯಾರೋ ಒಬ್ಬರು ಹೊತ್ತು ಹೊತ್ತಿಗೆ ಕೈ ಹಾಕಿ, ಆಯಿಲ್ ಬದಲಿಸಿ, ಇಂಜೆಕ್ಟರ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ನೋಡಿಸಿಕೊಂಡು ಬಂದ ಗಾಡಿಗಳು. ಮುಟ್ಟದೇ ಬಿಟ್ಟ ಗಾಡಿಗಳು ಎರಡು ಲಕ್ಷದ ಆಸುಪಾಸಿನಲ್ಲೇ ಇಂಜಿನ್ ಇಳಿಸುವ ಸ್ಥಿತಿಗೆ ಬಂದಿದ್ದನ್ನೂ ನೋಡಿದ್ದೇನೆ. ನೀವು ನೋಡಿರುವ ಗಾಡಿ ಸರಿಯಾಗಿ ಆ ಗಡಿಯಲ್ಲಿ ನಿಂತಿದೆ.

ಈ ಇಂಜಿನ್ನಿನ ದೊಡ್ಡ ಕಾಯಿಲೆ ಶುರುವಾಗುವುದು ಒಂದು ತಾಮ್ರದ ವಾಷರ್‌ನಿಂದ. ಒಂದೊಂದು ಇಂಜೆಕ್ಟರ್ ಕೆಳಗೂ ಉಂಗುರದಷ್ಟು ಚಿಕ್ಕ ವಾಷರ್ ಇರುತ್ತದೆ. ಸಿಲಿಂಡರ್ ಒಳಗೆ ಡೀಸೆಲ್ ಉರಿದಾಗ ಬರುವ ಬೆಂಕಿ, ಹೊಗೆ ಮೇಲಕ್ಕೆ ನುಗ್ಗದ ಹಾಗೆ ತಡೆಯುವುದು ಅದರ ಕೆಲಸ. ವರ್ಷ ಕಳೆದ ಹಾಗೆ ವಾಷರ್ ಸವೆದು ಸಣ್ಣ ಸಂದು ಬಿಡುತ್ತದೆ. ಬೇರೆ ಕೆಲವು ಇಂಜಿನ್‌ಗಳಲ್ಲಿ ಹೀಗಾದರೆ ಹೊರಗೆ ಟಾರಿನ ಹಾಗೆ ಕಪ್ಪು ಕಾಣಿಸುತ್ತದೆ, ಚುಸ್ ಚುಸ್ ಅಂತ ಸದ್ದು ಬರುತ್ತದೆ, ಬೇಗ ಗೊತ್ತಾಗುತ್ತದೆ. ಇದರಲ್ಲಿ ಹಾಗಲ್ಲ. ಲೀಕ್ ಆಗುವುದು ಇಂಜಿನ್ ತಲೆಯ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರ್ ಒಳಗೆ. ಹೊಗೆಯ ಮಸಿ ನೇರವಾಗಿ ಆಯಿಲ್ ಸೇರುತ್ತದೆ. ಆಯಿಲ್ ಜೊತೆ ಇಳಿದು ಚೇಂಬರ್‌ನಲ್ಲಿ, ಅಂದರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯಲ್ಲಿ, ಕೂರುತ್ತದೆ. ಅಲ್ಲಿ ಆಯಿಲ್ ಹೀರುವ ಪೈಪಿನ ಬಾಯಿಗೆ ಜಾಲರಿ ಇದೆಯಲ್ಲ, ಸ್ಟ್ರೈನರ್ ಅನ್ನುತ್ತೇವೆ, ಮಸಿ ಗಟ್ಟಿಯಾಗಿ ಅದನ್ನು ಮುಚ್ಚುತ್ತಾ ಹೋಗುತ್ತದೆ. ಆಮೇಲೆ ಇಂಜಿನ್ನಿಗೆ ಆಯಿಲ್ ಸಾಲುವುದಿಲ್ಲ. ಟರ್ಬೊ, ಬೇರಿಂಗ್, ಕ್ರ್ಯಾಂಕ್ ಎಲ್ಲದಕ್ಕೂ ಪೆಟ್ಟು ಬೀಳುತ್ತದೆ.

ಸಕಲೇಶಪುರದ ಕಡೆಯ ತೋಟದವರೊಬ್ಬರು 'ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಆಯಿಲ್ ದೀಪ ಬೇಗ ಆರುತ್ತಿಲ್ಲ' ಅಂತ ಗಾಡಿ ತಂದಿದ್ದರು. ಆಯಿಲ್ ಅಳತೆ ಸರಿ ಇತ್ತು. ಹೊರಗಡೆ ಒಂದು ತೊಟ್ಟು ಲೀಕ್ ಇಲ್ಲ. ಚೇಂಬರ್ ಬಿಚ್ಚಿದೆವು. ಜಾಲರಿಯ ಮುಕ್ಕಾಲು ಭಾಗ ಕಾಣಿಸುತ್ತಲೇ ಇರಲಿಲ್ಲ. ಒಲೆಯ ಮೇಲಿಟ್ಟ ಪಾತ್ರೆಯ ತಳಕ್ಕೆ ಹಿಡಿದ ಮಸಿ ಇರುತ್ತದಲ್ಲ, ಹಾಗೆ ಕಪ್ಪು ಹಕ್ಕಳೆ ಕೂತಿತ್ತು. ಉಗುರಿನಲ್ಲಿ ಕೆರೆದರೆ ಪುಡಿಪುಡಿಯಾಗಿ ಬಂತು. ಅವರು ದೀಪವನ್ನು ಗಮನಿಸಿದ್ದರಿಂದ ಇಂಜಿನ್ ಉಳಿಯಿತು. ಇನ್ನೊಂದು ತಿಂಗಳು ಓಡಿಸಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಕಸಿವಿಸಿ ಆಗುತ್ತದೆ.

ಖರ್ಚಿನ ಲೆಕ್ಕ ನೋಡಿ. ವಾಷರ್ ಬೆಲೆ ನೂರರ ಲೆಕ್ಕದಲ್ಲಿ. ಇಂಜೆಕ್ಟರ್ ಬಿಚ್ಚಿ, ಕೂರುವ ಜಾಗ ಕ್ಲೀನ್ ಮಾಡಿ, ಹೊಸ ವಾಷರ್, ಸೀಲ್ ಹಾಕಿ ಕೂರಿಸಲು ಲೇಬರ್ ಸೇರಿ ಅಂದಾಜು 6ರಿಂದ 10 ಸಾವಿರ. ಚೇಂಬರ್ ಬಿಚ್ಚಿ ಸ್ಟ್ರೈನರ್ ತೊಳೆದು, ಸುಮಾರು 7 ಲೀಟರ್ ಹೊಸ ಆಯಿಲ್, ಫಿಲ್ಟರ್ ಹಾಕಲು ಇನ್ನೊಂದು 8-10 ಸಾವಿರ. ಇದನ್ನು ಬಿಟ್ಟು ಇಂಜಿನ್ ಹೋಯಿತು ಅಂದರೆ ಬೋರ್ ಕೆಲಸ, ಪಿಸ್ಟನ್, ಬೇರಿಂಗ್, ಟರ್ಬೊ ಎಲ್ಲ ಸೇರಿ ಎರಡೂವರೆ ಲಕ್ಷಕ್ಕೆ ಕಡಿಮೆ ಇಲ್ಲ. ಇಲ್ಲಿ ಹೇಳುತ್ತಿರುವುದೆಲ್ಲ ಹೊರಗಿನ ಒಳ್ಳೆ ಗ್ಯಾರೇಜಿನ ಅಂದಾಜು ದರ. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಜಾಸ್ತಿ ಆಗುತ್ತದೆ.

ಆದ್ದರಿಂದ ಮಾಲೀಕರ ಹತ್ತಿರ ಹೀಗೆ ಕೇಳಿ: 'ನನ್ನ ಖರ್ಚಿನಲ್ಲೇ ಚೇಂಬರ್ ಬಿಚ್ಚಿಸಿ ನೋಡುತ್ತೇನೆ, ಹೊಸ ಆಯಿಲ್ ನಾನೇ ಹಾಕಿಸುತ್ತೇನೆ.' ಮನಸ್ಸಿನಲ್ಲಿ ಏನೂ ಇಲ್ಲದವರು ಒಪ್ಪುತ್ತಾರೆ. ಒಪ್ಪದಿದ್ದರೆ ಬೇರೆ ಗಾಡಿ ಹುಡುಕಿ. 11 ಲಕ್ಷದ ವ್ಯವಹಾರದಲ್ಲಿ ಹತ್ತು ಸಾವಿರ ಹೋದರೂ ನಷ್ಟ ಅಲ್ಲ.

ನೋಡಲು ಹೋಗುವ ದಿನ 'ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ' ಅಂತ ಮೊದಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ, ಇನ್ನೊಂದು ದಿನ ಬರುತ್ತೇವೆ ಅನ್ನಿ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗ ಟಕ್ ಟಕ್ ಅಂತ ಜೋರಾಗಿ ಬಡಿದು, ಬಿಸಿಯಾದ ಮೇಲೆ ಸುಮ್ಮನಾದರೆ ಇಂಜೆಕ್ಟರ್ ಮೇಲೆ ಅನುಮಾನ ಪಡಿ. ಎಕ್ಸಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆಯಿರಿ. ಅಲ್ಪಸ್ವಲ್ಪ ಆವಿ ಬಂದರೆ ಪರವಾಗಿಲ್ಲ. ರೈಲಿನ ಹಾಗೆ ಬುಸ್ ಬುಸ್ ಅಂತ ಹೊಗೆ ಉಗುಳಿದರೆ ಒಂದೋ ವಾಷರ್ ಹೋಗಿದೆ, ಇಲ್ಲ ಬ್ಯಾಕ್ ಕಂಪ್ರೆಶನ್ (ಸವೆದ ಪಿಸ್ಟನ್ ಪಕ್ಕದಿಂದ ಹೊಗೆ ಕೆಳಗೆ ನುಸುಳುವುದು) ಶುರುವಾಗಿದೆ. ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿರುವುದು ಸಹಜ, ಅದಕ್ಕೆ ಹೆದರಬೇಡಿ. ಎರಡು ಬೆರಳ ನಡುವೆ ತಿಕ್ಕಿ ನೋಡಿ. ತರಿತರಿ ಅನ್ನಿಸಿದರೆ ಒಳಗೆ ಗಟ್ಟಿ ಮಸಿ ಇರಬಹುದು.

ಇಂಜೆಕ್ಟರ್‌ಗಳೇ ಹೋಗಿದ್ದರೆ ನಾಲ್ಕೂ ಹೊಸದಕ್ಕೆ ಲಕ್ಷ ದಾಟುತ್ತದೆ. ಡೀಸೆಲ್ ಪಂಪ್, ಇಂಜೆಕ್ಟರ್ ಕೆಲಸ ಮಾಡುವ ಒಳ್ಳೆ ಪಂಪ್ ರೂಮಿನಲ್ಲಿ ಟೆಸ್ಟ್ ಮಾಡಿಸಿ, ರಿಪೇರಿ ಆಗುವಂಥದ್ದನ್ನು ಮಾಡಿಸಿದರೆ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯಬಹುದು. ಕೆಟ್ಟ ಇಂಜೆಕ್ಟರ್ ಇಟ್ಟುಕೊಂಡು ಓಡಿಸಬೇಡಿ. ಡೀಸೆಲ್ ಜಾಸ್ತಿ ಸುರಿದು ಪಿಸ್ಟನ್ ಸೀಳಿದ ಉದಾಹರಣೆಗಳಿವೆ.

ಇನ್ನು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ ಮತ್ತು ವಾಲ್ವ್ ತಾಳಕ್ಕೆ ಸರಿಯಾಗಿ ಓಡುವ ಹಾಗೆ ನೋಡಿಕೊಳ್ಳುವ ಬೆಲ್ಟ್. 2016ರ ಕೊನೆಗೆ ಬಂದ ಹೊಸ ಫಾರ್ಚುನರ್‌ಗೆ ಚೈನ್ ಇದೆ, ಹಳೆಯದಕ್ಕೆ ಬೆಲ್ಟ್. ಬದಲಿಸುವ ಹೊತ್ತಿಗೆ ಮೀಟರಿನಲ್ಲಿ ಟಿ-ಬೆಲ್ಟ್ ಅಂತ ದೀಪ ಹತ್ತುತ್ತದೆ. ಬೆಲ್ಟ್ ಬದಲಿಸದೆಯೂ ಆ ದೀಪವನ್ನು ಆರಿಸಲು ಬರುತ್ತದೆ. ಹಾಗಾಗಿ ದೀಪ ಇಲ್ಲ ಅಂತ ಸಮಾಧಾನ ಬೇಡ, ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಿಸಿಲ್ಲ ಅಂತಲೇ ಲೆಕ್ಕ ಹಿಡಿಯಿರಿ. ಓಡುವಾಗ ಕಿತ್ತರೆ ಪಿಸ್ಟನ್ ಮತ್ತು ವಾಲ್ವ್ ಡಿಕ್ಕಿ ಹೊಡೆದು ಇಂಜಿನ್ನಿನ ಹೆಡ್ ಬಿಚ್ಚಿ ರಿಪೇರಿ ಮಾಡಿಸಬೇಕಾಗುತ್ತದೆ. ಟೆನ್ಷನರ್, ಐಡ್ಲರ್ ಬೇರಿಂಗ್, ವಾಟರ್ ಪಂಪ್ ಸೇರಿಸಿ 15ರಿಂದ 25 ಸಾವಿರ ಇಟ್ಟುಕೊಳ್ಳಿ. ಇಲ್ಲಿ ಮಾತ್ರ ಡೂಪ್ಲಿಕೇಟ್ ಪಾರ್ಟ್ ಹಾಕಿಸಬೇಡಿ.

ಮಿಕ್ಕಿದ್ದು ವಯಸ್ಸಿನ ಖರ್ಚು. ಏರಿನಲ್ಲಿ ಎಳೆತ ಸತ್ತು ಇಂಜಿನ್ ದೀಪ ಬಂದರೆ ಟರ್ಬೊ ತಲೆಯ ಮೇಲಿನ ಮೋಟರ್ ಅಥವಾ ಡೀಸೆಲ್ ಪಂಪಿನ ಕಂಟ್ರೋಲ್ ವಾಲ್ವ್ ಇರಬಹುದು. ಗಾಡಿಯ ದೋಷ ಓದುವ ಸ್ಕ್ಯಾನರ್ ಹಾಕದೆ ಟರ್ಬೊ ಬದಲಿಸಿ ಅನ್ನುವವರ ಮಾತು ಕೇಳಬೇಡಿ. ವಾಲ್ವ್ ಹತ್ತು ಸಾವಿರದ ಆಸುಪಾಸಿನ ಕೆಲಸ. ಟರ್ಬೊ ರಿಪೇರಿಗೆ 30-45 ಸಾವಿರ, ಹೊಸದಕ್ಕೆ ಲಕ್ಷದ ಹತ್ತಿರ. ಕ್ಲಚ್‌ಗೆ 25ರಿಂದ 35 ಸಾವಿರ. ಮುಂದಿನ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಎಲ್ಲ ಒಟ್ಟಿಗೆ ಮಾಡಿಸಿದರೆ 40-60 ಸಾವಿರ. ನಾಲ್ಕು ಟೈರ್‌ಗೆ 50-65 ಸಾವಿರ. 4x4 ಗಾಡಿಯಲ್ಲಿ ನಾಲ್ಕೂ ಒಂದೇ ಸಮ ಸವೆದಿವೆಯಾ ನೋಡಿ. ಎರಡು ಹೊಸದು, ಎರಡು ಬೋಳು ಇದ್ದರೆ ಗೇರ್ ಹೌಸಿಂಗ್‌ಗಳಿಗೆ ಸುಮ್ನೆ ಭಾರ.

ಇವೆಲ್ಲ ಒಟ್ಟಿಗೇ ಬರುವುದಿಲ್ಲ. ಆದರೂ ಮೊದಲ ವರ್ಷಕ್ಕೆ ಅಂತ ಒಂದೂವರೆ ಲಕ್ಷ ತೆಗೆದಿಡಿ. 11 ಲಕ್ಷ ಕೊಟ್ಟು ಕೈ ಖಾಲಿ ಮಾಡಿಕೊಳ್ಳುವ ಹಾಗಿದ್ದರೆ ಈ ಗಾಡಿ ಬೇಡ, ಒಳ್ಳೆ ಇನ್ನೋವಾ ಹುಡುಕಿ. ಏಳು ಜನರಿಗೆ, ಅದರಲ್ಲೂ ವಯಸ್ಸಾದವರು ಹತ್ತಿ ಇಳಿಯಲು, ಅದೇ ವಾಸಿ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ದೆಹಲಿಯಿಂದ ತಂದ ಫಾರ್ಚುನರ್ ಒಂದೂವರೆ-ಎರಡು ಲಕ್ಷ ಕಡಿಮೆಗೆ ಸಿಗುತ್ತಿದೆ. ತಗೊಳ್ಳಬಹುದಾ? (ಕಲಬುರಗಿಯಿಂದ ಒಬ್ಬ ಓದುಗರು)

ಉತ್ತರ: ಅಲ್ಲಿ ಕಡಿಮೆಗೆ ಸಿಗಲು ಕಾರಣ ಇದೆ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಅಲ್ಲಿಯ ಗಾಡಿಗಳು ದಕ್ಷಿಣಕ್ಕೆ ಹರಿದು ಬರತೊಡಗಿದವು. 2025ರಲ್ಲಿ ಅದೇ ಕೋರ್ಟ್ ಇದನ್ನು ಸ್ವಲ್ಪ ಸಡಿಲಿಸಿದೆ. ಬೆಲೆ ಕಡಿಮೆ ಅಂದ ಮಾತ್ರಕ್ಕೆ ಗಾಡಿ ಕೆಟ್ಟಿದೆ ಅಂತ ಅಲ್ಲ.

ಆದರೆ ನೋಂದಣಿ ಬದಲಿಸಲು ಅಲ್ಲಿನ ಆರ್‌ಟಿಒ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. ಗಾಡಿ ನಂಬರ್ ಹಿಡಿದುಕೊಂಡು ನಿಮ್ಮ ಆರ್‌ಟಿಒದಲ್ಲಿ ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಮೊದಲೇ ಕೇಳಿ. ಉಳಿಯಿತು ಅಂದುಕೊಂಡ ದುಡ್ಡಿನಲ್ಲಿ ಬಹುಪಾಲು ಅಲ್ಲೇ ಹೋಗಬಹುದು. 15 ವರ್ಷ ಮುಗಿಯುವ ಗಾಡಿಗೆ ಆರ್‌ಸಿ ನವೀಕರಣದ ಖರ್ಚೂ ಇದೆ.

ಗಾಡಿ ನೋಡುವಾಗ ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ. ನೀರಿನಲ್ಲಿ ಮುಳುಗಿದ ಗಾಡಿಯ ಸೀಟು, ಮ್ಯಾಟು ಎಲ್ಲ ತೊಳೆದು ಹೊಸದರ ಹಾಗೆ ಮಾಡಿರುತ್ತಾರೆ, ಬೆಲ್ಟಿನ ಕೊನೆಯ ಒಂದು ಗೇಣು ಮರೆತಿರುತ್ತಾರೆ. ಅಲ್ಲಿ ಕೆಸರಿನ ಗೆರೆ, ಮುಗ್ಗಲು ವಾಸನೆ ಇದ್ದರೆ ವಾಪಸ್ ಬನ್ನಿ. ಮೀಟರ್ 90 ಸಾವಿರ ತೋರಿಸುತ್ತಿದ್ದು, ಕ್ಲಚ್ ಪೆಡಲ್ ರಬ್ಬರ್ ಸವೆದು ಸಪಾಟಾಗಿದ್ದು, ಸ್ಟೀರಿಂಗ್ ಲೆದರ್ ಹೊಳೆಯುತ್ತಿದ್ದರೆ ಮೀಟರ್ ನಂಬಬೇಡಿ. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಳೆಯ ಸರ್ವಿಸ್ ದಾಖಲೆ ಇದ್ದರೆ ಕಿ.ಮೀ. ತಾಳೆ ನೋಡಿ.

ಪ್ರಶ್ನೆ: ಚಾರ್ಮಾಡಿ ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ ಅದುರುತ್ತದೆ. ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ, ಹೋಗಲಿಲ್ಲ. ನಮ್ಮದು 2011ರ ಫಾರ್ಚುನರ್. (ಮೂಡಿಗೆರೆಯಿಂದ)

ಉತ್ತರ: ಬ್ರೇಕ್ ಒತ್ತಿದಾಗ ಮಾತ್ರ ಅದುರುವುದಾದರೆ ಅದು ಬ್ಯಾಲೆನ್ಸಿಂಗ್ ವಿಷಯ ಅಲ್ಲ, ಮುಂದಿನ ಡಿಸ್ಕ್ ಸೊಟ್ಟಗಾಗಿದೆ. ಗಾಡಿಯ ತೂಕ ಎರಡು ಟನ್ ಹತ್ತಿರ, ಹಿಂದೆ ಡ್ರಮ್ ಬ್ರೇಕು. ಘಾಟಿಯಲ್ಲಿ ಹೆಚ್ಚಿನ ಭಾರ ಮುಂದಿನ ಎರಡು ಡಿಸ್ಕ್ ಮೇಲೆ ಬೀಳುತ್ತದೆ. ಡಿಸ್ಕ್ ದಪ್ಪ ಇನ್ನೂ ಉಳಿದಿದ್ದರೆ ಲೇತ್‌ನಲ್ಲಿ ಸಾಣೆ ಹೊಡೆಸಿ ಹೊಸ ಪ್ಯಾಡ್ ಹಾಕಿಸಿದರೆ ಆರೇಳು ಸಾವಿರದೊಳಗೆ ಮುಗಿಯುತ್ತದೆ. ಎಷ್ಟು ದಪ್ಪಕ್ಕಿಂತ ಕಡಿಮೆ ಇರಬಾರದು ಅಂತ ಡಿಸ್ಕ್ ಮೇಲೇ ಕೆತ್ತಿರುತ್ತದೆ, ಅದಕ್ಕಿಂತ ತೆಳುವಾಗಿದ್ದರೆ ಹೊಸದೇ ಹಾಕಿಸಿ. ಸಾಣೆ ಹೊಡೆಸುವಾಗ ಕ್ಯಾಲಿಪರ್ (ಡಿಸ್ಕ್ ಮೇಲೆ ಪ್ಯಾಡ್ ಒತ್ತುವ ಭಾಗ) ಪಿನ್‌ಗಳು ಸಲೀಸಾಗಿ ಜಾರುತ್ತವೆಯಾ ನೋಡಿಸಿ. ಪಿನ್ ಹಿಡಿದಿದ್ದರೆ ಮೂರು ತಿಂಗಳಿಗೆ ಮತ್ತೆ ಅದೇ ಅದುರು.

ಘಾಟಿ ಶುರುವಾಗುವ ಮುಂಚೆಯೇ ಎರಡನೇ ಗೇರಿಗೆ ಇಳಿಸಿ, ಇಂಜಿನ್ ಹಿಡಿತದಲ್ಲೇ ಇಳಿಯಿರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಕೊಟ್ಟಿಗೆಹಾರದಿಂದ ಉಜಿರೆಗೆ ಇಳಿದವರು ತಕ್ಷಣ ಗಾಡಿ ತೊಳೆಸಲು ವಾಟರ್ ಸರ್ವಿಸ್‌ಗೆ ಬಿಡುವುದನ್ನು ನೋಡಿದ್ದೇನೆ. ಕಾದ ಡಿಸ್ಕ್ ಮೇಲೆ ತಣ್ಣೀರು ಬಿದ್ದರೆ ಸೊಟ್ಟಗಾಗದೇ ಇರುತ್ತಾ? ಚಕ್ರದ ಹತ್ತಿರ ಕೈ ಹಿಡಿದಾಗ ಕಾವು ಹೊಡೆಯದಷ್ಟು ತಣ್ಣಗಾಗಲಿ, ಆಮೇಲೆ ತೊಳೆಸಿ.